ಗುಂಡು ನಿಲ್ಲುವ ಜಾಗ

ಶೈಲಾಳ ಹೆಸರಿಗೆ ಬಂದೂಕಿನ ಲೈಸೆನ್ಸ್ ಬಂದ ಸುದ್ದಿ ಅಲಖನೂರಿನ ತೋಟದ ಮನೆಗಳಲ್ಲಿ ಹಬ್ಬಲು, ಹಾಲಿನ ಕ್ಯಾನ್ ಡೇರಿ ಮುಟ್ಟುವಷ್ಟು ಹೊತ್ತು ಸಾಕಾಯಿತು. ಡೇರಿಯ ಕಟ್ಟೆಯ ಮೇಲೆ ಕೂತವರು ಅವಳ ಗಂಡ ಸಿದ್ದಲಿಂಗನನ್ನು ಹಿಡಿದು ಚೇಷ್ಟೆ ಮಾಡಿದರು.

"ಇನ್ನ ಮ್ಯಾಲ ಪಲ್ಯಾಕ್ಕ ಉಪ್ಪ ಕಡಿಮಿ ಆಗೇತಿ ಅನಬ್ಯಾಡಪಾ, ಹುಷಾರ್!"

ಸಿದ್ದಲಿಂಗ ನಕ್ಕ. ಅವನು ಸಕ್ಕರೆ ಕಾರ್ಖಾನೆಯ ನೌಕರ. ಹಂಗಾಮು ಶುರುವಾಯಿತೆಂದರೆ ರಾತ್ರಿ ಪಾಳಿ. ತೋಟದ ಮನೆಯಲ್ಲಿ ಉಳಿಯುವವರು ಶೈಲಾ, ಅವಳ ಅತ್ತೆ ರುಕ್ಮವ್ವ, ಎರಡು ಎಮ್ಮೆ ಮತ್ತು ಬೊಗಳುವುದಷ್ಟೇ ಬಲ್ಲ ಒಂದು ನಾಯಿ. ಬಂದೂಕು ಹಿಡಿಯಬೇಕಾದವರು ಮನೆಯಲ್ಲಿ ಇರುವವರೇ ತಾನೆ ಎಂದು ಲೈಸೆನ್ಸಿನ ಅರ್ಜಿಯನ್ನು ಅವಳ ಹೆಸರಿನಲ್ಲೇ ಹಾಕಿದ್ದರು. ಅದಕ್ಕಾಗಿ ಆಕೆ ಬೆಳಗಾವಿಯಲ್ಲಿ ಪೊಲೀಸರ ತರಬೇತಿಗೂ ಹೋಗಿ, ನೀಲಿಗಟ್ಟಿದ ಹೆಗಲು ಹೊತ್ತು ಮರಳಿದ್ದಳು.

ಮನೆಯಲ್ಲಿ ಇನ್ನೂ ಒಂದು ಜೀವ ಇರಬೇಕಾಗಿತ್ತು. ಮಗಳು ದೀಪಾಲಿ, ಏಳನೆಯ ಇಯತ್ತೆ. ದಸರೆಗೆ ಮುಂಚೆ ಒಂದು ಮುಂಜಾನೆ ಸೈಕಲ್ ಮೇಲೆ ಶಾಲೆಗೆ ಹೊರಟಾಗ ಕಬ್ಬಿನೊಳಗಿನಿಂದ ಕಾಡುಹಂದಿ ನುಗ್ಗಿ ಗುದ್ದಿತು. ಸೈಕಲ್ ಒಂದು ಕಡೆ, ಹುಡುಗಿ ಕಾಲುವೆಯಲ್ಲಿ. ಮುಂಗೈ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿದ ದಿನವೇ ಸಿದ್ದಲಿಂಗ ಅವಳನ್ನು ಚಿಂಚಲಿಗೆ, ಶೈಲಾಳ ತವರಿಗೆ, ಬಿಟ್ಟು ಬಂದ. ಬಂದವನೇ ಹೇಳಿದ, "ಮನಿಗೆ ಬಂದೂಕ ಬರೂತನಾ ಕೂಸ ಇಲ್ಲಿ ಬರೂದ ಬ್ಯಾಡ. ಇದರಾಗ ಮಾತಿಲ್ಲ."

ಕೈ ಕೂಡಿಕೊಂಡಿತು. ಪ್ಲಾಸ್ಟರ್ ಬಿಚ್ಚಿದರು. ಲೈಸೆನ್ಸೂ ಬಂತು. ಬಂದೂಕು ಮಾತ್ರ ಬರಲಿಲ್ಲ. ತರುವುದು ಒಂದೇ ಒಂದು, ಆ ಒಂದು ಯಾವುದು ಎಂಬುದು ಬಗೆಹರಿಯಲೊಲ್ಲದು.

ರುಕ್ಮವ್ವನ ಖಾಸಾ ತಮ್ಮ ಅಣ್ಣಾಸಾಬ ಬೋರಗಾಂವದವನು, ಫೌಜಿನಲ್ಲಿ ಸೇವೆ ಮುಗಿಸಿ ಬಂದವನು. ಅವನ ಹತ್ತಿರ ಸ್ವಂತ ರೈಫಲ್ ಇತ್ತು. ಹೀಗಾಗಿ ಬಂದೂಕಿನ ಮಾತಿಗೆ ತಾನೇ ಹಿರಿಯನೆಂದು ವಾರಕ್ಕೊಮ್ಮೆ ಮೋಟಾರ್ ಸೈಕಲ್ ಹೊಡೆದುಕೊಂಡು ಬರುತ್ತಿದ್ದ.

"ತಗೊಂಡ್ರ ರೈಫಲ್ ತಗೋಬೇಕ ನೋಡ. ಹಂದಿಗೂ ಅದಽ, ಮೋಟರಿನ ಕೇಬಲ್ ಕದಿಯೂ ಕಳ್ಳಗೂ ಅದಽ, ನಾಳೆ ಚಿರತಿ ಬಂದ್ರೂ ಅದಽ. ಉಳದದ್ದೆಲ್ಲಾ ದೀಪಾವಳಿ ಸಾಮಾನ."

"ಚಿರತಿ ಯಾವಾಗ ನೋಡೀಯೋ ನೀ?" ಎಂದಳು ರುಕ್ಮವ್ವ.

"ವಾಟ್ಸಾಪಿನ್ಯಾಗ ಬಂದಿತ್ತಲ್ಲ ಅಕ್ಕಾ, ಅಥಣಿ ಕಡೆ ಅಂತ."

"ಹಂಗಾರ ವಾಟ್ಸಾಪಿಗೇ ಗುಂಡ ಹೊಡಿ."

ಸಿದ್ದಲಿಂಗನ ಮನಸ್ಸು ಜೋಡುನಳಿಗೆಯ ಬಂದೂಕಿನ ಮೇಲಿತ್ತು. ಒಂದು ತಪ್ಪಿದರೆ ಕೈಯಲ್ಲಿ ಇನ್ನೊಂದು ಇರುತ್ತದೆ ಎಂಬುದು ಅವನ ವಾದ. ಪಕ್ಕದ ತೋಟದ ಬಾಪುಸಾಹೇಬ ಜೈನರವನು, ಇರುವೆಯ ಗೂಡು ಕಂಡರೆ ನೇಗಿಲು ಎತ್ತಿ ದಾಟಿಸುವವನು. ಅವನನ್ನೂ ಕೇಳಿದ್ದಾಯಿತು. "ನನ್ನ ಕೇಳಬ್ಯಾಡ್ರಿ. ಹಂದಿ ತಿಂದಷ್ಟ ತಿನ್ಲಿ, ಪಾಪ ನಮಗ್ಯಾಕ?" ಎಂದು ಹೊರಟವನು, ಬದುವಿನ ಹತ್ತಿರ ಹೋಗಿ ತಿರುಗಿ ನಿಂತು, "ತರೂದಽ ಖರೇ ಅಂದ್ರ, ಆವಾಜ ದೊಡ್ಡದಿರೂದ ತಗೋರಿ. ನಮ್ಮ ಹೊಲಾನೂ ಬಿಟ್ಟ ಓಡ್ಲಿ," ಎಂದ.

ರುಕ್ಮವ್ವನಿಗೆ ಈ ಪಂಚಾಯ್ತಿಯೇ ಬೇಸರ. "ಮನಿಗೆ ಒಂದಽ ಈಳಿಗಿ ಇರತೈತಿ. ಅದ್ರಾಗಽ ಬದನಿಕಾಯಿ ಹೆಚ್ಚತೀವಿ, ಅದ್ರಾಗಽ ಕೊಬ್ಬರಿ ತುರೀತೀವಿ. ಬದನಿಕಾಯಿಗೊಂದು, ಕೊಬ್ಬರಿಗೊಂದು ಯಾರರ ತರ್ತಾರೇನ? ಹಂತಾದೊಂದ ನೋಡಿ ತರ್ರಿ, ಮುಗೀತು."

ಶೈಲಾಗೆ ಯಾವುದಾದರೂ ಆಗುತ್ತಿತ್ತು. ಅವಳ ಪಾಲಿಗೆ ಬಂದೂಕೆಂದರೆ ದೀಪಾಲಿ ಮನೆಗೆ ಬರುವ ರಹದಾರಿ, ಅಷ್ಟೇ. ಸಂಜೆ ಹಾಲು ಹಿಂಡಿದ ಮೇಲೆ ಚಿಂಚಲಿಗೆ ಫೋನ್ ಹಚ್ಚುತ್ತಿದ್ದಳು.

"ತಂದ್ರೇನಬೇ ಅವ್ವಾ?"

"ಇಲ್ಲವಾ. ನಾಳೆ ನಾಡದ ತರತೀವು."

"ನಿಮ್ಮ ನಾಳೆ ಭಾಳ ಉದ್ದ ಐತಿ," ಎನ್ನುತ್ತಿದ್ದಳು ಹುಡುಗಿ.

ಈ ನಡುವೆ ಅವರ ಹಳ್ಳದ ದಂಡೆಯ ಕಬ್ಬಿಗೆ ಮಹಾರಾಷ್ಟ್ರದ ಕಡಿಯುವ ಗ್ಯಾಂಗ್ ಬಂತು. ಕಬ್ಬು ಕಡಿಯುತ್ತ ಬಂದ ಹಾಗೆ ಒಳಗಿನ ಹಂದಿಗಳು ಉಳಿದ ಕಬ್ಬಿಗೆ ಸರಿಯುತ್ತವೆ. ಕಡೆಗೆ ಅಂಗಳದಷ್ಟು ಪಟ್ಟಿ ನಿಂತಿತೆಂದರೆ ಅವೆಲ್ಲ ಅದರ ಹೊಟ್ಟೆಯೊಳಗೇ ಇರುತ್ತವೆ. ಆ ಕೊನೆಯ ಪಟ್ಟಿಗೆ ಕುಡಗೋಲು ಹಾಕುವ ಹೊತ್ತಿಗೆ ಸುತ್ತಲಿನ ತೋಟದವರೆಲ್ಲ ಬಡಿಗೆ ಹಿಡಿದು, ನಾಯಿ ಕರೆದುಕೊಂಡು ಬಂದು ನಿಲ್ಲುತ್ತಾರೆ. ಜಾತ್ರೆಗೆ ಹೋಗದವರೂ ಅದಕ್ಕೆ ಬರುತ್ತಾರೆ. ದೀಪಾಲಿಗಂತೂ ಅದು ಪ್ರಾಣ. ಪ್ರತಿ ವರ್ಷ ಅಪ್ಪನ ಹೆಗಲೇರಿ ನೋಡಿದವಳು.

"ರವಿವಾರ ಅಲ್ಲೇನ್ರಿ? ಒಂದ ದಿನ ಕರ್ಕೊಂಡ ಬರ್ರಿ. ನೋಡಿ ಹೋಗ್ಲಿ," ಎಂದು ಶೈಲಾ ಕೇಳಿಕೊಂಡಳು.

"ಬ್ಯಾಡ ಅಂದ್ನೆಲ್ಲ."

"ಸಂಜಿಗೆ ಹೊಳ್ಳಿ ಬಿಟ್ಟ ಬರ್ರಿ."

"ಶೈಲಾ, ಒಂದ ಮಾತ ಎಷ್ಟ ಸಲ ಹೇಳ್ಲಿ?"

ಅವಳು ರೊಟ್ಟಿ ಬಡಿಯುವ ಸದ್ದು ಆ ದಿನ ಹೊಲದವರೆಗೆ ಕೇಳಿಸಿತು.

ಆ ರವಿವಾರ ಅಣ್ಣಾಸಾಬ ತನ್ನ ರೈಫಲನ್ನೇ ತಂದ. ಬಾಯಿಮಾತಿಗಿಂತ ಕಣ್ಣಿಗೆ ತೋರಿಸುವುದೇ ಲೇಸೆಂದು. ಹೊಲಕ್ಕೆ ಬಂದವನು ಮೊದಲು ಮಾಡಿದ ಕೆಲಸ ಶಿಸ್ತಿನದೇ. ಮಂದಿಯನ್ನೆಲ್ಲ ಕರೆದು ತನ್ನ ಬೆನ್ನ ಹಿಂದೆ ನಿಲ್ಲಿಸಿದ. ನಾಯಿಗಳನ್ನು ಕಟ್ಟಿಸಿದ. ಕಡಿಯುವ ಇಬ್ಬರನ್ನು ಬಿಟ್ಟು ಉಳಿದ ಗ್ಯಾಂಗಿನವರಿಗೆ ಮರಾಠಿಯಲ್ಲಿ ಗದರಿ ಗಾಡಿಯ ಹಿಂದಕ್ಕೆ ಕಳಿಸಿದ. ಎದುರಿಗೆ ಆ ಕೊನೆಯ ಪಟ್ಟಿ, ಅದರಾಚೆ ಕಡಿದ ಬಯಲು, ಬಯಲಿನಾಚೆ ಬಾಪುಸಾಹೇಬನ ಕಬ್ಬು. ಅದು ಇನ್ನೂ ಕಡಿಯದ ಫಸಲು, ಆಳೆತ್ತರ ಮೀರಿ ಹಸಿರಾಗಿ, ದಟ್ಟವಾಗಿ ನಿಂತಿತ್ತು. ಅಣ್ಣಾಸಾಬ ಅದನ್ನು ನೋಡಿ ತಲೆಯಾಡಿಸಿದ.

"ಬರೋಬರಿ ಐತಿ. ಎದುರಿಗೆ ಯಾರೂ ಇಲ್ಲ."

ಆ ಇಬ್ಬರು ಪಕ್ಕದ ಅಂಚಿನಿಂದ ಪಟ್ಟಿ ಕಡಿಯತೊಡಗಿದರು. ತಾಯಿಹಂದಿಯೊಂದು ಮರಿಗಳೊಡನೆ ಹೊರಬಿದ್ದು ಬಯಲಿಗೆ ಓಡಿತು. ಅಣ್ಣಾಸಾಬ ಮೊಣಕಾಲೂರಿ ಹೊಡೆದ. ಆವಾಜಿಗೆ ಹಳ್ಳದ ಬೆಳ್ಳಕ್ಕಿಗಳೆಲ್ಲ ಎದ್ದವು. ಹಂದಿ ಪಕ್ಕಕ್ಕೆ ತಿರುಗಿ ಓಡಿ ಹಳ್ಳ ಸೇರಿತು, ಮರಿಗಳೂ ಅದರ ಹಿಂದೆ. ಒಂದು ಕೂದಲೂ ಕೊಂಕಲಿಲ್ಲ.

"ಏನ ಮಾಮಾ, ಪೆನ್ಶನ್ ಆದಮ್ಯಾಲ ಗುರಿನೂ ಪೆನ್ಶನ್ ಆತೇನ?" ಎಂದ ಸಿದ್ದಲಿಂಗ. ಎಲ್ಲರೂ ನಕ್ಕರು.

"ಗುರಿ ಬಿಡಲೇ, ಆವಾಜ ನೋಡ ಆವಾಜ! ಇನ್ನ ಎಂಟ ದಿನ ಈ ಕಡೆ ಹಾಯೂದಿಲ್ಲವು. ಏನವಾ ಶೈಲಾ, ಲೈಸೆನ್ಸಿನ ಒಡತಿ, ನೀ ಹೇಳ."

ಶೈಲಾ ಚಹಾದ ಕೆಟಲ್ ಹಿಡಿದು ನಿಂತಿದ್ದಳು. ಇದೊಂದು ಮಾತು ಮುಗಿದರೆ ಸಾಕಾಗಿತ್ತು. "ಆತ್ರಿ ಮಾವಾರ. ಇದನ್ನಽ ತರೂಣ. ನಾಳೆನಽ ಹೋಗೂಣ," ಎಂದಳು. ಅಣ್ಣಾಸಾಬ ಅಳಿಯನ ಕಡೆ ನೋಡಿ ಮೀಸೆ ತಿರುವಿದ.

ಚಹಾದ ಭಾಂಡಿ ತೊಳೆಯಬೇಕೆಂದು ಅವಳು ಎಲ್ಲರಿಗಿಂತ ಮೊದಲು ಮನೆಗೆ ಹೊರಟಳು. ಬಾಪುಸಾಹೇಬನ ಕಬ್ಬು ಸುತ್ತಿಕೊಂಡು ಬಂದರೆ ಅದರ ಬೆನ್ನಿಗೇ ಶೈಲಾಳ ಮನೆಯ ಅಂಗಳ. ಒಳಗೆ ಕಾಲಿಡುತ್ತಲೇ ನೀರು ಸುರಿಯುವ ಸದ್ದು. ಎಮ್ಮೆಗಳು ಕೆಸರಿನಲ್ಲಿ ನಿಂತಿದ್ದವು. ಕಲ್ಲಿನ ಕಟ್ಟೆಯ ಮೇಲಿನ ಕರಿ ಟ್ಯಾಂಕಿನಿಂದ ನೀರು ಕಮಾನು ಕಟ್ಟಿ ಬೀಳುತ್ತಿತ್ತು. ಬಿಸಿಲಿಗೆ ಪ್ಲಾಸ್ಟಿಕ್ ಸೀಳಿರಬೇಕು ಎಂದುಕೊಂಡು ಹತ್ತಿರ ಹೋದಳು. ಸೀಳಾಗಿರಲಿಲ್ಲ. ದುಂಡಗಿನ ತೂತು. ಬೆರಳಿಟ್ಟಳು, ಬೆರಳು ಹಿಡಿಯಿತು. ಬೆರಳು ತೆಗೆಯದೆ ತಿರುಗಿ ನೋಡಿದಳು. ಎದುರಿಗೆ ಬಾಪುಸಾಹೇಬನ ಕಬ್ಬು. ಅದರಾಚೆ ಗ್ಯಾಂಗಿನವರು ಮಾತಾಡುವುದು, ಟ್ರ್ಯಾಕ್ಟರ್ ಶುರುವಾಗುವುದು ಕೇಳುತ್ತಿತ್ತು.

ಅವಳು ಹಾಗೆಯೇ ನಿಂತಿದ್ದಾಗ ರುಕ್ಮವ್ವ, ಹಿಂದಿನಿಂದ ಅಣ್ಣಾಸಾಬ ಬಂದರು.

"ಟ್ಯಾಂಕ ಒಡೀತೇನ ಬೇ?" ಎಂದಳು ರುಕ್ಮವ್ವ.

"ಇಲ್ಲರಿ ಅತ್ತಿ. ಮಾವಾರ ಹೊಡದ ಹಂದಿ ಇಲ್ಲೈತಿ ನೋಡ್ರಿ."

ಅಣ್ಣಾಸಾಬ ತೂತು ನೋಡಿದ. ಕಬ್ಬಿನ ಕಡೆ ನೋಡಿದ. ಮತ್ತೆ ತೂತು ನೋಡಿದ. ರೈಫಲನ್ನು ಹೆಗಲಿನಿಂದ ಇಳಿಸಿ ಗೋಡೆಗೆ ಆನಿಸಿದ.

"ಹಿಂದ ಕಬ್ಬ ನಿಂತಿತ್ತಲ್ಲವಾ..." ಎಂದ.

"ಕಬ್ಬ ಗ್ವಾಡಿ ಅಲ್ಲರಿ, ಮಾವಾರ."

ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ ಅದು. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಒಂದು ಗುಂಡನ್ನೂ ಹಾರಿಸಗೊಡದ ಕಡೆ ದುಡಿದು ಬಂದವನು. ಆದರೆ ಕಬ್ಬಿನ ಸೀಮೆಯಲ್ಲಿ ಹುಟ್ಟಿದವರ ಕಣ್ಣೇ ಬೇರೆ. ವರ್ಷದ ಬಹುಪಾಲು ಅದು ಎದ್ದು ನಿಂತೇ ಇರುತ್ತದೆ. ಹೆಂಗಸರು ಅದರ ಮರೆಯಲ್ಲಿ ಮೀಯುತ್ತಾರೆ. ಅಣ್ಣತಮ್ಮಂದಿರು ಜಗಳವಾದರೆ ನಡುವೆ ಅದನ್ನೇ ಬೆಳೆದು ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಮಾಡಿಕೊಳ್ಳುತ್ತಾರೆ. ನೋಡಿ ನೋಡಿ ಅದು ಗೋಡೆಯೇ ಆಗಿಬಿಡುತ್ತದೆ, ಅದರಾಚೆ ಮನೆಯಿದೆ ಎಂಬುದು ಮರೆತೇ ಹೋಗುತ್ತದೆ. ಅಣ್ಣಾಸಾಬ ಅಕ್ಕನ ಹೊಲದಲ್ಲಿ ನಿಂತಾಗ ಫೌಜಿನ ಕಣ್ಣು ಬಿಟ್ಟು ಕಬ್ಬಿನವರ ಕಣ್ಣಿನಿಂದ ನೋಡಿದ್ದ.

ಟ್ಯಾಂಕ್ ಬರಿದು ಮಾಡಿದರು. ತಳದ ರಾಡಿಯಲ್ಲಿ ಗುಂಡು ಸಿಕ್ಕಿತು, ಮೂಗು ಜಜ್ಜಿಹೋಗಿತ್ತು. ಅಣ್ಣಾಸಾಬ ಯಾರಿಗೂ ಹೇಳದೆ ರಾಯಬಾಗಕ್ಕೆ ಹೋಗಿ ಎಂ-ಸೀಲ್ ತಂದು, ತಾನೇ ಕಲಸಿ, ತೂತಿನ ಮೇಲೆ ಬಿಲ್ಲೆಯಂತೆ ಒತ್ತಿ, ಅದು ಗಟ್ಟಿಯಾಗುವವರೆಗೆ ಹೆಬ್ಬೆರಳು ಹಿಡಿದು ಕೂತ. ಊಟಕ್ಕೆ ಕರೆದರೆ ಏಳಲಿಲ್ಲ.

ಹೊಲದಿಂದಲೇ ಕಾರ್ಖಾನೆಗೆ ಹೋಗಿದ್ದ ಸಿದ್ದಲಿಂಗ ಮರುದಿನ ಮುಂಜಾನೆ ಪಾಳಿ ಮುಗಿಸಿ ಬಂದು ಟ್ಯಾಂಕಿನ ಮುಂದೆ ನಿಂತ. ಆ ಬಿಲ್ಲೆ ಅವನ ಎದೆಯ ಮಟ್ಟಕ್ಕಿತ್ತು. ಅಲ್ಲಿಂದ ಅಂಗೈಯನ್ನು ಅಡ್ಡ ಹಿಡಿದು, ದೀಪಾಲಿ ದಿನಾ ಮುಖ ತೊಳೆಯುವ ನಲ್ಲಿಯ ಕಡೆ ಸರಿಸಿದ, ಹುಡುಗಿಯೊಬ್ಬಳ ಎತ್ತರ ಅಳೆಯುವವನ ಹಾಗೆ.

"ನಿನ್ನಿ ಕೂಸ ಬಂದಿದ್ರ..." ಎಂದು ಶುರುಮಾಡಿದ.

"ಚಹಾ ಆರತೈತ್ರಿ," ಎಂದಳು ಶೈಲಾ.

ಬೆಳಗಾವಿಯ ಬಂದೂಕಿನ ಅಂಗಡಿಗೆ ಶೈಲಾ, ಸಿದ್ದಲಿಂಗ, ಅಣ್ಣಾಸಾಬ ಮೂವರೂ ಹೋದರು. ಅಂಗಡಿಯವನು ಗಂಡಸರಿಬ್ಬರಿಗೆ ಕುರ್ಚಿ ಹಾಕಿಸಿ, ರೈಫಲ್ ಇಳಿಸಿ, ಅದು ಎಷ್ಟು ದೂರ ಹೊಡೆಯುತ್ತದೆ, ಎಷ್ಟು ದಪ್ಪದ ಹಲಗೆ ತೂರುತ್ತದೆ ಎಂದು ಹೇಳತೊಡಗಿದ. ಶೈಲಾ ಸೆರಗಿನ ಗಂಟು ಬಿಚ್ಚಿ ಆ ಜಜ್ಜಿದ ಗುಂಡನ್ನು ಕೌಂಟರಿನ ಗಾಜಿನ ಮೇಲಿಟ್ಟಳು.

"ಇದು ನಮ್ಮ ನೀರಿನ ಟ್ಯಾಂಕಿನ್ಯಾಗ ನಿಂತೈತ್ರಿ. ನೀರ ಇರದಿದ್ರ ಎಲ್ಲಿ ನಿಲ್ಲತಿತ್ತು?"

ಅಂಗಡಿಯವನು ಮೊದಲ ಸಲ ಅವಳ ಕಡೆ ತಿರುಗಿದ. "ರೈಫಲ್ ಗುಂಡ ಅಲ್ಲೇನ್ರೀ ಅಕ್ಕಾರ? ಮೈಲಿ ಮ್ಯಾಲೂ ಹೋಗತೈತಿ."

"ನಮ್ಮ ಮನಿಯಿಂದ ಯಾವ ಕಡೆ ನೋಡಿದ್ರೂ ಮೈಲಿ ಒಳಗ ಮಂದಿ ಮನಿ ಅದಾವ್ರಿ. ಕಬ್ಬ ಅಡ್ಡ ಇರತೈತಿ, ಕಾಣಸೂದಿಲ್ಲ, ಅಷ್ಟಽ. ಲಗೂನ ನಿಲ್ಲೂದ ಯಾವದೈತಿ, ಅದನ್ನ ತೋರಸ್ರಿ."

ದೂರ ಹೋಗುವುದನ್ನು ಕೇಳುವವರನ್ನಷ್ಟೇ ನೋಡಿದ್ದ ಅವನು ಒಳಗಿನಿಂದ ಒಂಟಿನಳಿಗೆಯ ಬಂದೂಕು ತಂದ. ಸಣ್ಣ ಛರ್ರಾದ ಕಾಡತೂಸು ಹಾಕಿದರೆ ಅದರ ಸೀಸದ ಕಾಳುಗಳು ಒಂದೆರಡು ಹೊಲದೊಳಗೇ ಬಿದ್ದುಹೋಗುತ್ತವೆ, ಹಂದಿ ಓಡಿಸಲು ಆವಾಜು ಸಾಕಷ್ಟಿದೆ ಎಂದ. ಶೈಲಾ ಅದನ್ನು ಎತ್ತಿ ನೋಡಿದಳು. ಹೆಗಲಿಗಿಟ್ಟಳು. ನಡುವೆ ಮಡಚಿ ನಳಿಗೆಯೊಳಗೆ ಕಣ್ಣಿಟ್ಟಳು. ಆಚೆ ಬೀದಿಯ ಬೆಳಕು ದುಂಡಗೆ ಕಂಡಿತು. ಖಾಲಿಯೋ ತುಂಬಿದೆಯೋ ರುಕ್ಮವ್ವನಿಗೂ ಗೊತ್ತಾಗುವಂತಿತ್ತು.

"ಜೋಡುನಳಿಗೀದು ನೋಡೂಣಲ್ಲಾ," ಎಂದ ಸಿದ್ದಲಿಂಗ ಮೆಲ್ಲಗೆ. "ಒಂದ ತಪ್ಪಿದ್ರ..."

"ತಪ್ಪಿದ್ದು ಎಲ್ಲಿ ಹೋತಂತ ನೋಡದಽ ಇನ್ನೊಂದ ಹೊಡ್ಯಾಕೇನ್ರಿ?"

ಅಂಗಡಿಯವನು ಕೊನೆಯ ಪ್ರಯತ್ನ ಮಾಡಿದ. "ಅಕ್ಕಾರ, ಇದು ಅಗದೀ ಸಾದಾ ಐತ್ರಿ."

"ಈಳಿಗೀನೂ ಸಾದಾನಽ ಇರತೈತ್ರಿ," ಎಂದಳು ಶೈಲಾ.

ಅಣ್ಣಾಸಾಬ ಆವತ್ತು ಆಡಿದ್ದು ಒಂದೇ ಮಾತು. "ಅದನ್ನಽ ಕಟ್ರಿ."

ಬಂದೂಕು ಬಂದ ಮರುದಿನವೇ ದೀಪಾಲಿಯೂ ಬಂದಳು. ಬಾವಿ ತೋಡಿದಾಗ ಎತ್ತಿ ಹಾಕಿದ ಮಣ್ಣಿನ ದಿಬ್ಬವೊಂದು ಹಿತ್ತಲಿನಲ್ಲಿತ್ತು. ಹೊತ್ತು ಮುಳುಗುವ ಮುಂಚೆ ಶೈಲಾ ಎಲ್ಲರನ್ನೂ ಒಳಗೆ ಕಳಿಸಿ, ಅದರ ಹೊಟ್ಟೆಗೆ ಗುರಿಯಿಟ್ಟು ಒಂದು ಸಲ ಹೊಡೆದು, ಬಂದೂಕು ಒರೆಸಿ ಗೂಟಕ್ಕೆ ಹಾಕುತ್ತಿದ್ದಳು. ಹಂದಿಗಳು ಕೆಲವು ದಿನ ಇತ್ತ ಹಾಯಲಿಲ್ಲ. "ನಿಮ್ಮ ಆವಾಜ ನನ್ನ ಹೊಲದ ಆಚೀ ತುದಿ ಮುಟ್ಟವಲ್ದರಿ, ಎಲ್ಲಾ ಅಲ್ಲೇ ಬಂದು ಕುಂತಾವು," ಎಂದು ಬಾಪುಸಾಹೇಬ ಬದುವಿನ ಮೇಲಿಂದ ದೂರು ಹೇಳಿದ.

ಒಂದು ಮುಂಜಾನೆ ದೀಪಾಲಿ ಟ್ಯಾಂಕಿಗೆ ಒರಗಿ ಹಲ್ಲುಜ್ಜುತ್ತಿದ್ದಳು. ಬಾಯ್ತುಂಬ ನೊರೆ ಇಟ್ಟುಕೊಂಡೇ ಆ ಬಿಲ್ಲೆಯನ್ನು ಮುಟ್ಟಿ ನೋಡಿದಳು.

"ಇದೇನ ಆಯಿ?"

"ನಿಮ್ಮ ಅಣ್ಣಾಸಾಬಜ್ಜಗ ಬಂದ ಮೆಡಲ್ಲು," ಎಂದಳು ರುಕ್ಮವ್ವ ಒಲೆಯ ಮುಂದಿನಿಂದ. "ಇಡಾಕ ಜಾಗಾ ಇರ್ಲಿಲ್ಲಂತ ಇಲ್ಲಿ ಹಚ್ಚ್ಯಾನ."

ದೀಪಾಲಿ ನಕ್ಕಳು. ನಕ್ಕು ಮತ್ತೆ ಟ್ಯಾಂಕಿಗೆ ಒರಗಿದಳು. ಬಿಲ್ಲೆ ಸರಿಯಾಗಿ ಅವಳ ಕಿವಿಯ ಪಕ್ಕಕ್ಕೆ ಬಂತು.

ಹಾಲಿನ ಕ್ಯಾನ್ ಎತ್ತಿದ್ದ ಶೈಲಾ ಅದನ್ನು ಕೆಳಗಿಟ್ಟಳು. "ಈಕಡೆ ಸರೀ, ಕೂಸಾ."

"ಯಾಕಬೇ?"

"ಸುಮ್ಮ ಸರಿ."

ಹುಡುಗಿ ಬ್ರಷ್ ಕಚ್ಚಿಕೊಂಡು ನಲ್ಲಿಯ ಆಚೆ ಬದಿಗೆ ಸರಿದು ನಿಂತಳು. ಶೈಲಾ ಕ್ಯಾನ್ ಎತ್ತಿಕೊಂಡು ಡೇರಿಯ ದಾರಿ ಹಿಡಿದಳು.