ಸಾವಿನ ರಜೆ

ಚಾದರದ ಎರಡು ಮೂಲೆ ನಿಲ್ಸಾಳ ಕೈಯಲ್ಲಿ, ಎರಡು ಎಫ್ರಾಯಿನ್ ಕೈಯಲ್ಲಿ. ಕೊಡವಿದರು, ಮಡಚಿದರು, ಎದುರುಬದುರು ನಡೆದು ತುದಿ ಕೂಡಿಸಿದರು. ಇನ್ನೊಂದು. ಮತ್ತೊಂದು. ನ್ಯೂಯಾರ್ಕಿನ ಒಂದು ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಇಬ್ಬರದೂ ಇದೇ ಕೆಲಸ. ಏಳನೇ ಮಹಡಿಯಲ್ಲಿ, ಎಫ್ರಾಯಿನ್ ಜೊತೆ ಬಾಳಿದ ಆರ್ಲಿಸ್ ಏಡ್ಸ್‌ನಿಂದ ಸತ್ತು ಎರಡು ದಿನವಾಗಿತ್ತು.

ಮೇಸ್ತ್ರಿ ಕಾರ್ಬೋನ್ ಎಫ್ರಾಯಿನ್ ಕೊಟ್ಟ ರಜೆ ಅರ್ಜಿಯಿಂದ ಗಾಳಿ ಬೀಸಿಕೊಳ್ಳುತ್ತ ಬಂದ.

“ಏನಲೇ ಇದು? ಸತ್ತೋನು ನಿನಗೇನಾಗ್ಬೇಕು ಅನ್ನೋ ಜಾಗ ಖಾಲಿ ಬಿಟ್ಟಿದೀಯ. ಹೆಂಡ್ತಿ ಅಂತ ಬರೀಲಾ, ಗಂಡ ಅಂತ ಬರೀಲಾ?”

“ದಿನಕ್ಕೊಂದು ಥರ ಅಂತ ಬರೀರಿ ಸಾರ್,” ಎಂದ ಇಸ್ತ್ರಿ ಯಂತ್ರದ ಕ್ಲೈಡ್. ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ಮುಖ ನೋಡದ ಮಲತಂದೆ ಸತ್ತಾಗ ಇದೇ ಕ್ಲೈಡ್ ಮೂರು ದಿನ ರಜೆ ಪಡೆದು ಮೀನು ಹಿಡಿಯಲು ಹೋಗಿದ್ದ.

“ಕುಟುಂಬದವರು ಸತ್ರೆ ಮೂರು ದಿನ ಅಂತ ಯೂನಿಯನ್ ಒಪ್ಪಂದದಲ್ಲೇ ಇದೆ ಸಾರ್,” ಎಂದ ಎಫ್ರಾಯಿನ್. “ಹನ್ನೊಂದು ವರ್ಷ ಒಂದೇ ಒಲೇಲಿ ಬೇಯಿಸ್ಕೊಂಡು ತಿಂದಿದೀವಿ. ಅವರಮ್ಮ ಹೆಣಾನ ದಕ್ಷಿಣ ಕೆರೊಲಿನಾಕ್ಕೆ ಒಯ್ದಿದಾಳೆ. ನಾಳಿದ್ದು ಮಣ್ಣು. ಇವತ್ತು ಸಂಜೆ ಬಸ್ ಹತ್ತಿದ್ರೆ ಮುಖ ಸಿಗ್ತದೆ.”

“ಸೂಳೇಮಗನೇ, ಆ ರೋಗ ಹಚ್ಕೊಂಡು ಸತ್ತೋನಿಗೆ ರಜೆ ಬೇರೆ ಕೇಡು!” ಮೇಸ್ತ್ರಿ ಆಮೇಲೆ ದನಿ ತಗ್ಗಿಸಿದ. “ತಗೋ, ತಮ್ಮ ಅಂತ ಗೀಚು. ಕಣ್ಮುಚ್ಚಿ ಸಹಿ ಹಾಕ್ತೀನಿ.”

“ವಾರ್ಡಿನ ಬಾಗಿಲಲ್ಲೂ ಅದೇ ಸುಳ್ಳು ಹೇಳಿ ಒಳಗೆ ಹೋಗಿದ್ದೆ ಸಾರ್. ಅವರಮ್ಮ ಬಂದೋಳು ‘ನಾನು ಹೆತ್ತಿದ್ದು ಒಬ್ಬನ್ನೇ, ಇವನ್ಯಾವನು?’ ಅಂದ್ಳು. ಗಾರ್ಡು ಕತ್ತು ಹಿಡಿದು ಲಿಫ್ಟಿಗೆ ದಬ್ಬಿದ. ಅವನು ಮೇಲೆ ಸಾಯ್ತಿದ್ದ. ನಾನು ಇಲ್ಲಿ ಆ ವಾರ್ಡಿನ ಸೋಂಕು ಬಟ್ಟೆಯ ಹಳದಿ ಚೀಲ ಬಿಚ್ಚಿ ಅವನ ಹಾಸಿಗೆ ಬಟ್ಟೆ ಒಗೀತಿದ್ದೆ. ಆ ಸುಳ್ಳು ಇನ್ನು ಬರೆಯಲ್ಲ.”

ಪೆನ್ನು ಕಿತ್ತುಕೊಂಡು ಖಾಲಿ ಜಾಗದಲ್ಲಿ ಬರೆದ: ಕುಟುಂಬ. ಕಾಗದ ಹರಿಯುವಷ್ಟು ಒತ್ತಿ ಬರೆದ.

ಮೇಸ್ತ್ರಿ ನೆಲಕ್ಕೆ ಉಗುಳಿದ. “ಮೇಲಿನ ಆಫೀಸಿನೋರು ಸಾಕ್ಷಿ ಕೇಳ್ತಾರೆ. ಯಾವನು ಬರ್ತಾನೋ ನಿನ್ನ ಹಿಂದೆ? ಸಹಿ ಇಲ್ದೆ ಗೇಟು ದಾಟಿದ್ಯೋ, ಕೆಲಸ ಹೋಯ್ತು ಅಂತ್ಲೇ ತಿಳ್ಕೋ.”

ನಿಲ್ಸಾಳಿಗೆ ಅವರಿಬ್ಬರ ಮನೆ ಗೊತ್ತಿತ್ತು. ಭಾನುವಾರಗಳಲ್ಲಿ ಅಲ್ಲಿ ತೊಗರಿಕಾಳಿನ ಅನ್ನ ಉಂಡಿದ್ದಳು. ಅವಳ ಚಳಿಗಾಲದ ಕೋಟಿಗೆ ಅಸ್ತರು ಹೊಲಿದುಕೊಟ್ಟವನು ಆರ್ಲಿಸ್. ಜ್ವರದಲ್ಲಿ ಮಲಗಿದ್ದಾಗಲೂ, “ಈ ಮುಂಡೇದಕ್ಕೆ ಎಷ್ಟು ಉಪ್ಪು ಹಾಕ್ಬೇಕು ಅಂತ ಕಲಿಸೋಕಾಗ್ಲಿಲ್ಲ ನೋಡು ಪುಟ್ಟಿ,” ಎಂದು ಎಫ್ರಾಯಿನ್ ಕಡೆ ತೋರಿಸಿ ನಕ್ಕಿದ್ದ. ಎಫ್ರಾಯಿನ್ ಕುಡಿದ ಲೋಟವನ್ನು ಲಾಂಡ್ರಿಯ ಹೆಂಗಸರು ಚಿಂದಿಯಲ್ಲಿ ಹಿಡಿದು ಕಸಕ್ಕೆ ಎಸೆದದ್ದನ್ನೂ ಅವಳು ನೋಡಿದ್ದಳು. ಅವಳ ಲೋಟ ಇನ್ನೂ ಆ ಹೆಂಗಸರ ಲೋಟಗಳ ಸಾಲಿನಲ್ಲೇ ಇತ್ತು.

ಎಫ್ರಾಯಿನ್ ಕೈಗವಸು ಬಿಚ್ಚಿ ಬಾಗಿಲಲ್ಲಿ ನಿಂತ.

“ಒಬ್ಬರು ಬನ್ನಿ. ಇವರಿಬ್ರೂ ಒಂದೇ ಮನೆಯೋರು ಅಂತ ಒಂದು ಮಾತು ಹೇಳಿ, ಸಾಕು.”

ಕ್ಲೈಡ್ ಯಂತ್ರದ ಗುಂಡಿ ಒತ್ತಿದ. ತಲೆಗಳು ಬಾಗಿದವು. ಎಫ್ರಾಯಿನ್ ನಿಲ್ಸಾಳ ಕಡೆ ತಿರುಗಿದ. ಅವಳು ತನ್ನ ಅಂಗಿಯ ಗುಂಡಿಯನ್ನು ನೋಡುತ್ತಿದ್ದಳು.

“ಪುಟ್ಟಿ, ನೀನಾದ್ರೂ ಬಾರಮ್ಮ,” ಎಂದ.

ನಿಲ್ಸಾ ಮುಂದಿನ ಚಾದರವನ್ನು ಒಬ್ಬಳೇ ಎತ್ತಿಕೊಂಡಳು. ಅವನು ಮತ್ತೆ ಅದನ್ನೇ ಹೇಳಿದ.