ಹೊಳೆವ್ವನ ಅರ್ಧ ಗುಳಿಗೆ

ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಲೋಟ ನೀರನ್ನೂ ಎತ್ತಿಕೊಡದ ಸವಡಿಯ ಮಲ್ಲೇಶಪ್ಪ ಮೂರು ವಾರದಿಂದ ಹೆಂಡತಿಗೆ ಚಹಾ ಮಾಡಿಕೊಡುತ್ತಿದ್ದ. ಖಾನಾವಳಿಗೆ ರೊಟ್ಟಿ ಬಡಿಯುವ ಹೊಳೆವ್ವನ ಕೈತುಂಬ ಹಿಟ್ಟು. ಅವನೇ ಕಪ್ಪನ್ನು ಅವಳ ಬಾಯಿಗೆ ಹಿಡಿಯುತ್ತಿದ್ದ. ಆ ಹುಚ್ಚಿ ಇದನ್ನು ಪಕ್ಕದ ಮನೆಯ ಮಕ್ತುಮಬಿಗೆ ಹೇಳಿ ನಾಚಿದ್ದೂ ಉಂಟು.

ಹೊಳೆವ್ವನ ಬೆರಳ ಗೆಣ್ಣು ಬಾತು ನಾಲ್ಕು ವರ್ಷ. ಜಡೆ ಹೆಣೆಯುವುದನ್ನು ಬಿಟ್ಟು ಕೂದಲಿಗೆ ಗಂಟು ಹಾಕುತ್ತಿದ್ದಳು. ರೋಣದ ಡಾಕ್ಟರಮ್ಮ ಹೇಳಿದ್ದರು: "ಸಣ್ಣ ಸಂಧಿವಾತ ಐತ್ರಿ. ಊಟ ಆದಮ್ಯಾಲ ದಿನಕ್ಕ ಒಂದ ಗುಳಿಗಿ. ಹೆಚ್ಚಾದ್ರ ಹೊಟ್ಟಿ ಕೆಡತೈತಿ. ನೋವು ಕಡಿಮಿ ಇದ್ರ ಅರ್ಧ ಸಾಕು. ಎಷ್ಟ ಬೇಕಂತ ನಿಮ್ಮ ಕೈನ ಹೇಳತೈತಿ."

ಮೂರು ವಾರದ ಹಿಂದೆ ಅವಳು ಅರ್ಧಕ್ಕೆ ಇಳಿಸಿದಳು. ದಿನಕ್ಕೆ ನೂರು ರೊಟ್ಟಿ ಬಡಿದರೂ ಅಷ್ಟೇ ಸಾಕಾಯಿತು. ಕೈ ಗುಣವಾಗುತ್ತಿದೆ ಎಂದು ಹಿಗ್ಗಿದಳು. ಹೊಟ್ಟೆ ಮಾತ್ರ ಉರಿಯುತ್ತಿತ್ತು. ಅದನ್ನು ಕೆಂಪು ಚಟ್ನಿಯ ತಲೆಗೆ ಕಟ್ಟಿದಳು.

ಅಂದು ಬೆಳಿಗ್ಗೆ ಹಿಟ್ಟು ತರಲು ಒಳಗೆ ಹೋದರೆ, ಮಲ್ಲೇಶಪ್ಪ ಅವಳ ಗುಳಿಗೆಯ ಥರದ್ದೇ ಇನ್ನೊಂದನ್ನು ಅರೆದು ಚಹಾಕ್ಕೆ ಹಾಕುತ್ತಿದ್ದ. ಕಹಿ ಗೊತ್ತಾಗದಿರಲೆಂದು ಮೇಲೆ ಎರಡು ಚಮಚ ಸಕ್ಕರೆ.

"ನೂರು ರೊಟ್ಟಿಗೆ ಒಂದು. ಮದಿವಿ ಆರ್ಡರ್ ಇದ್ದ ದಿನ ಎರಡು," ಎಂದ, ಅಳುಕಿಲ್ಲದೆ. "ನೀ ಅರ್ಧ ಅರ್ಧ ನುಂಗಕೋತ ಕೂತ್ರ ಗಜೇಂದ್ರಗಡದ ಖಾನಾವಳಿಗೆ ರೊಟ್ಟಿ ಯಾರ ಕೊಡ್ತಾರ? ನಿನ್ನ ನೋವ ನೋಡಲಾರದ ಹಾಕೀನಿ."

ಹೊಳೆವ್ವನ ಮೈಯೆಲ್ಲ ಉರಿದುಹೋಯಿತು. ಮೂರು ವಾರ ಕೈ ಹೇಳಿದ್ದೆಲ್ಲ ಸುಳ್ಳು. ಅದಕ್ಕಿಂತ ಹೆಚ್ಚು ಸುಟ್ಟದ್ದು ಮಕ್ತುಮಬಿಯ ಮುಂದೆ ತಾನು ನಾಚಿದ್ದು. ಎತ್ತಿಗೆ ಹಿಂಡಿ ಇಡುವವರು ಕೂಡ ಬುಟ್ಟಿಯನ್ನು ಅದರ ಕಣ್ಣೆದುರೇ ಇಡುತ್ತಾರೆ.

"ನೋವ ನೋಡಿ ಹಾಕಿಲ್ಲ ನೀ. ರೊಟ್ಟಿ ಎಣಿಸಿ ಹಾಕಿದಿ," ಎಂದು ಚಹಾವನ್ನು ಬಚ್ಚಲಿಗೆ ಸುರಿದಳು.

ಎರಡು ದಿನ ಒಂದೂ ಗುಳಿಗೆ ಮುಟ್ಟಲಿಲ್ಲ. ಕೈಲಾದಷ್ಟು ಬಡಿದಳು: ಒಂದು ದಿನ ನಲವತ್ತು, ಮರುದಿನ ಇಪ್ಪತ್ತು. ಮಲ್ಲೇಶಪ್ಪ ಖಾನಾವಳಿಯವರ ಫೋನಿಗೆ ಸುಳ್ಳು ಹೇಳುತ್ತ ಅಂಗಳದಲ್ಲಿ ತಿರುಗಿದ. ಮೂರನೆಯ ದಿನ ಹೊಟ್ಟೆಯ ಉರಿ ಇಳಿದಿತ್ತು, ಉಂಗುರದ ಬೆರಳು ಮಡಚದಾಗಿತ್ತು. ಅರ್ಧ ಸಾಲದು ಎಂದು ಕೈ ಖರೇ ಹೇಳಿತು.

ಉಂಡು, ಅವನ ಎದುರಿಗೇ ಒಂದು ಇಡೀ ಗುಳಿಗೆ ನುಂಗಿದಳು.

ಅವನ ಮುಖ ಅರಳಿತು. ಬಿಸಿನೀರು ಹಾಕಿ ತಾನೇ ಹಿಟ್ಟು ಕಲಸಿ, ಪರಾತವನ್ನು ಅವಳತ್ತ ಸರಿಸಿದ. ಹೊಳೆವ್ವ ಅದನ್ನು ಅವನತ್ತಲೇ ತಳ್ಳಿ, ಗೋಡೆಗೆ ಒರಗಿ ಕೂದಲ ಗಂಟು ಬಿಚ್ಚಿದಳು.

"ಈ ಗುಳಿಗಿ ಜಡಿ ಹಾಕ್ಕೊಳ್ಳಾಕ ತಗೊಂಡೀನಿ. ಹಿಟ್ಟ ಆರತೈತಿ, ನೀ ಬಡಿ."