ಮೂರು ಬೆರಳಿನ ಹಿಮ್ಮಡಿ

ಹೆಂಗಸರ ಜೋಡಿನ ಹಿಮ್ಮಡಿ ಎರಡು ಬೆರಳು ಎತ್ತರವಿರಬೇಕೋ ಮೂರು ಬೆರಳು ಎತ್ತರವಿರಬೇಕೋ ಎಂಬ ಪ್ರಶ್ನೆ ಆ ವರ್ಷ ಏಪ್ರಿಲ್ ತಿಂಗಳಲ್ಲಿ ನಮ್ಮ ಕೇರಿಯ ಮುಂದೆ ಬಂದು ನಿಂತಿತು. ಇದನ್ನು ಸಣ್ಣ ವಿಷಯವೆಂದು ತಿಳಿಯುವವರು ಲಿಸ್ಬನ್ನಿನಲ್ಲಿ ಹುಟ್ಟಿದವರಲ್ಲ. ಹುಟ್ಟಿದ್ದರೂ ಗುಡ್ಡದ ಮೇಲಿನ ಕೇರಿಗಳಲ್ಲಿ ಬೆಳೆದವರಲ್ಲ. ಕೇರಿಯ ಅರ್ಧ ಮನೆಗಳು ಪ್ರವಾಸಿಗಳ ಬಾಡಿಗೆಗೆ ಹೋದಾಗ ನಮ್ಮ ಸಮಿತಿ ಒಂದೇ ಸಭೆಯಲ್ಲಿ ನಿಟ್ಟುಸಿರುಬಿಟ್ಟು ಎದ್ದಿತ್ತು. ಹಿಮ್ಮಡಿಗೆ ನಾಲ್ಕು ಸಭೆ ಬೇಕಾದವು.

ಕಾರಣವಿದೆ. ಜೂನ್ ಹನ್ನೆರಡರಂದು, ಸಂತ ಅಂತೋನಿಯ ಹಬ್ಬದ ಹಿಂದಿನ ರಾತ್ರಿ, ಒಂದೊಂದು ಕೇರಿಯೂ ತನ್ನ ಹಾಡು ಹಾಡುತ್ತ, ಕುಣಿಯುತ್ತ ಅವೆನಿದಾ ರಸ್ತೆಯಲ್ಲಿ ಇಳಿದು ಬರುತ್ತದೆ. ತೀರ್ಪುಗಾರರು ಎತ್ತರದಲ್ಲಿ ಕೂತು ಅಂಕ ಕೊಡುತ್ತಾರೆ. ನಮ್ಮದು ಇಪ್ಪತ್ತನಾಲ್ಕು ಜೋಡಿಗಳ ದಂಡು. ಪ್ರತಿ ಜೋಡಿಯ ತಲೆಯ ಮೇಲೂ ಗೂಡುದೀಪ ತೂಗುವ ಒಂದು ಕಮಾನು. ಅದರ ಒಂದು ಕಾಲು ಗಂಡಸಿನ ಬಲಗೈಯಲ್ಲಿ, ಇನ್ನೊಂದು ಹೆಂಗಸಿನ ಎಡಗೈಯಲ್ಲಿ. ಉಳಿದ ಎರಡು ಕೈಗಳು ಒಂದನ್ನೊಂದು ಹಿಡಿದುಕೊಳ್ಳಬೇಕು. ಇಬ್ಬರ ಎತ್ತರ ಹೊಂದದಿದ್ದರೆ ಕಮಾನು ವಾಲುತ್ತದೆ, ಕಮಾನು ವಾಲಿದರೆ ಅಂಕ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಜೋಡಿ ಕೂಡಿಸುವುದು ಎತ್ತರ ನೋಡಿಯೇ. ಪ್ರೀತಿ, ದ್ವೇಷ, ಹಳೆಯ ಜಗಳ, ಹೊಸ ನಂಟು ಯಾವುದೂ ಲೆಕ್ಕಕ್ಕಿಲ್ಲ. ನನಗೆ ಇವನ ಜೊತೆ ಬೇಡ, ಅವನ ಜೊತೆ ಬೇಕು ಎಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ನಾಚಿಕೆಗೇಡು. ನನ್ನ ನೆನಪಿನಲ್ಲಿ ಯಾರೂ ಕೇಳಿದ್ದಿಲ್ಲ.

ದಂಡಿನ ಮುಂದೆ ಅತಿ ಕುಳ್ಳಗಿನ ಜೋಡಿ, ಹಿಂದೆ ಹೋದಂತೆ ಎತ್ತರ. ಎಲ್ಲರಿಗಿಂತ ಮುಂದಿನ ಕಮಾನು ವಾಲ್ದೆಮಾರ್ ಮತ್ತು ಗ್ರಸಿಂದಾರದು. ಗಂಡಸರಲ್ಲಿ ಅವನಷ್ಟು ಕುಳ್ಳ ಬೇರೆ ಇಲ್ಲ, ಹೆಂಗಸರಲ್ಲಿ ಅವಳಷ್ಟು. ಅವರು ಇಪ್ಪತ್ತರ ವಯಸ್ಸಿನಲ್ಲಿ ಆ ಕಮಾನಿನ ಕೆಳಗೆ ನಿಂತವರು, ಅದೇ ವರ್ಷ ಮದುವೆಯಾದವರು, ಎಂಟು ವರ್ಷದ ಹಿಂದೆ ಮದುವೆ ಬಿಟ್ಟವರು. ಕಮಾನು ಬಿಡಲಿಲ್ಲ. ಗ್ರಸಿಂದಾ ನದಿ ದಾಟಿ ಬರ್ರೈರುವಿಗೆ ಹೋಗಿ, ಅಲ್ಲೊಂದು ಅಂಗಡಿಯಲ್ಲಿ ಹೆಂಗಸರ ತಲೆಗೂದಲು ಕತ್ತರಿಸುತ್ತ ಒಬ್ಬಳೇ ಇದ್ದಳು. ವಾಲ್ದೆಮಾರ್ ಕೇರಿಯಲ್ಲೇ ಉಳಿದು ಹೋಟೆಲುಗಳ ಫ್ರಿಜ್ಜು ರಿಪೇರಿ ಮಾಡುತ್ತಿದ್ದ. ಏಪ್ರಿಲ್ ಬಂತೆಂದರೆ ಸಂಜೆಯ ಲಾಂಚಿನಲ್ಲಿ ಅವಳು ತಾಲೀಮಿಗೆ ಬರುವಳು. ಆ ದಿನಗಳಲ್ಲಿ ಯಾರ ಫ್ರಿಜ್ಜು ಕೆಟ್ಟರೂ ಮಧ್ಯಾಹ್ನದೊಳಗೆ ಕೆಡಬೇಕಾಗಿತ್ತು. ಸಂಜೆಗೆ ವಾಲ್ದೆಮಾರ್ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿ, ಲಾಂಚು ಬರುವ ಮೊದಲೇ ತಾಲೀಮಿನ ಅಂಗಳದಲ್ಲಿ ಇರುತ್ತಿದ್ದ. ಏಪ್ರಿಲ್‌ನಿಂದ ಜೂನ್‌ವರೆಗೆ ಅವಳ ಬಲಗೈ ಅವನ ಎಡಗೈಯಲ್ಲಿರುತ್ತಿತ್ತು. ಉಳಿದ ತಿಂಗಳುಗಳನ್ನು ಅವನು ಹೇಗೋ ಕಳೆಯುತ್ತಿದ್ದ. ಹಬ್ಬದ ರಾತ್ರಿ ಕುಣಿತ ಮುಗಿದ ಮೇಲೆ, ಪ್ರೇಮಿಗಳು ಕೊಟ್ಟುಕೊಳ್ಳುವ ಕಾಮಕಸ್ತೂರಿಯ ಪುಟ್ಟ ಕುಂಡವೊಂದನ್ನು, ಕಾಗದದ ಹೂ ಸಿಕ್ಕಿಸಿ, ಎಲ್ಲರೆದುರು ಅವಳಿಗೆ ಕೊಡುವನು. ಎಲ್ಲರೆದುರು ಬೇಡವೆನ್ನಲಾಗದೆ ಅವಳು ಅದನ್ನು ಲಾಂಚಿಗೆ ಒಯ್ಯುವಳು. ಕೇರಿಯವರು ಇದನ್ನು ನೋಡಿ ಕಣ್ಣೊರೆಸಿಕೊಂಡು, ಇಂದಲ್ಲ ನಾಳೆ ಒಂದಾಗುತ್ತಾರೆ ಎಂದು ಹೇಳಿ, ಇನ್ನೊಂದು ತಟ್ಟೆ ಬೂತಾಯಿ ಮೀನು ತರಿಸುತ್ತಿದ್ದರು.

ಹಿಮ್ಮಡಿ ಮೂರು ಬೆರಳಾಗಲಿ ಎಂಬ ಮಾತನ್ನು ಸಮಿತಿಯಲ್ಲಿ ಎತ್ತಿದವಳು ಪಲ್ಮೀರಾ. ಕೇರಿಯ ಮೆಟ್ಟಿಲುಗಳ ನಡುವೆ ಅವಳ ಹೋಟೆಲು. ಬಾಗಿಲ ಹೊರಗೆ ಕೆಂಡದ ಒಲೆ, ಎರಡು ಮೇಜು, ಮೇಲ್ಗಡೆ ಒಣಗಲು ಹಾಕಿದ ಯಾರದೋ ಬಟ್ಟೆಗೆಲ್ಲ ಮೀನಿನ ಹೊಗೆ. ಪಕ್ಕದ ಗುಡ್ಡದವರು ಹೋದ ವರ್ಷ ಮೂರು ಬೆರಳು ಹಾಕಿಯೇ ಮೂರನೆಯವರಾಗಿ ಬಂದರು, ಕಣಕಾಲು ಚೆಂದ ಕಂಡರೆ ಅಂಕ ಬರುತ್ತದೆ ಎಂದು ಅವಳ ವಾದ. ಕೇರಿ ಕೂಡಲೇ ಎರಡಾಯಿತು. ಮೂರು ಬೆರಳಿನವರು ಒಲೆಯ ಪಕ್ಕದ ಮೇಜು ಹಿಡಿದರು, ಎರಡು ಬೆರಳಿನವರು ಗೋಡೆಯ ಪಕ್ಕದ್ದು. ಒಬ್ಬರ ಸಂತನಿಗೆ ಇನ್ನೊಬ್ಬರು ಮೊಂಬತ್ತಿ ಹಚ್ಚದಷ್ಟು ಮನಸ್ತಾಪ.

ಎರಡು ಬೆರಳಿನ ಪಕ್ಷಕ್ಕೆ ವಾಲ್ದೆಮಾರನೇ ನಾಯಕ. ಹತ್ತು ಜನರ ಮುಂದೆ ಬಾಯಿಬಿಡದ ಆಸಾಮಿ, ಅಂದು ಸಭೆಯಲ್ಲಿ ಎದ್ದು ನಿಂತು ಹೆಂಗಸರ ಕಣಕಾಲಿನ ಎಲುಬು, ನಮ್ಮ ಪೂರ್ವಿಕರು, ಲಿಸ್ಬನ್ನಿನ ರಸ್ತೆಗಳ ಜಾರು ಎಲ್ಲದರ ಮೇಲೂ ಮಾತಾಡಿದ. ಮಾತಾಡದ ಒಂದೇ ವಿಷಯ ಎಲ್ಲರಿಗೂ ಗೊತ್ತಿದ್ದದ್ದು. ಹೆಂಗಸರೆಲ್ಲ ಒಂದು ಬೆರಳು ಬೆಳೆದರೆ ಪ್ರತಿಯೊಬ್ಬಳೂ ತನ್ನ ಹಿಂದಿನ ಕಮಾನಿನ ಗಂಡಸಿಗೆ ಹೊಂದುತ್ತಾಳೆ. ಜೋಡಿಗಳು ಒಂದೊಂದು ಮನೆ ಸರಿಯುತ್ತವೆ. ಬಾಲದ ಕಡೆ ಒಬ್ಬ ಉದ್ದನೆಯವನನ್ನು ಹುಡುಕಿ ತರಬೇಕು. ತಲೆಯ ಕಡೆ ಒಬ್ಬ ಕುಳ್ಳ ಉಳಿದುಬಿಡುತ್ತಾನೆ.

ಗ್ರಸಿಂದಾ ಆ ಸಭೆಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೇಳಿದರೆ, ಸಮಿತಿ ಹೇಳಿದಂತೆ ಎಂದಳು.

ಮೂರು ಬೆರಳು ಗೆದ್ದಿತು. ಗ್ರಸಿಂದಾ ಪಕ್ಕಕ್ಕೆ ಅಂಚೆಯ ಜೆರ್ವಾಸಿಯು ಬಂದ. ವಾಲ್ದೆಮಾರನಿಗೆ ನೀರಿನವರ ಜೊತೆ ಸೇರಲು ಹೇಳಿದರು. ನೀರಿನವರೆಂದರೆ ಮಂಡಿ ಹೋದ ಹಳೆಯ ಕುಣಿತದವರು. ಬಾಟಲಿ ಹಿಡಿದು ದಂಡಿನ ಅಂಚಿನಲ್ಲಿ ಓಡುತ್ತ, ಎರಡು ಹಾಡುಗಳ ನಡುವೆ ಬಾಯಾರಿದವರಿಗೆ ನೀರು ಕೊಡುವವರು. ಗೌರವದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಮೊದಲು ನನ್ನನ್ನು ಹಾಕಿ ಎಂದು ಯಾರೂ ಹೇಳಿದ್ದಿಲ್ಲ.

ಮಾರನೆಯ ವಾರ ವಾಲ್ದೆಮಾರ್ ತಾಲೀಮಿಗೆ ಬಂದಾಗ ಒಂದು ಬೆರಳು ಬೆಳೆದಿದ್ದ.

ಜೋಡಿನೊಳಗೆ ಬೆಂಡು ಹಾಕಿಸಿದ್ದ. ಬೆಂಡಿಗೇನು ಕೊರತೆ ನಮ್ಮ ದೇಶದಲ್ಲಿ. ಪ್ರತಿ ಬಾಟಲಿಯ ಬಾಯಲ್ಲೂ ಅದೇ. ಹಿಮ್ಮಡಿಯ ಕೆಳಗೆ ಒಂದು ಬೆರಳು ದಪ್ಪದ ತುಂಡು, ಮೇಲೆ ಚರ್ಮ. ಹೊರಗಿನಿಂದ ಏನೂ ಕಾಣದು, ನಡಿಗೆ ಮಾತ್ರ ಬಿಸಿ ಮರಳಿನ ಮೇಲೆ ನಡೆಯುವವನದು. ಕುಣಿತ ಕಲಿಸುವ ತೆಲ್ಮು ಮೇಷ್ಟ್ರು ಕಟ್ಟುನಿಟ್ಟಿನ ಮನುಷ್ಯ. ವಾಲ್ದೆಮಾರನನ್ನು ಗ್ರಸಿಂದಾಳ ಪಕ್ಕ ನಿಲ್ಲಿಸಿ, ಕಮಾನು ಎತ್ತಿಸಿ, ಕುರ್ಚಿ ಹತ್ತಿ ಅದರ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ಸರಿಯಾಗಿ ನಡುವೆ ಬಂದು ಕೂತಿತು. ನಿಯಮವೆಂದರೆ ನಿಯಮ ಎಂದು ಮೇಷ್ಟ್ರು ಜೆರ್ವಾಸಿಯುವನ್ನು ಹಿಂದಕ್ಕೆ ಕಳಿಸಿದರು. ಹಿಂದಿನವರೆಲ್ಲ ಗೊಣಗುತ್ತ ಹಳೆಯ ಜಾಗಕ್ಕೆ ಸರಿದರು. ಈಗ ಅವರ ಕಮಾನುಗಳು ವಾಲಿದವು, ಅದಕ್ಕೂ ಬೆಂಡೇ ಮದ್ದು ಎಂದಾಯಿತು. ಗೋಡೆಯ ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ವಾಲ್ದೆಮಾರನ ಮುಖ ಆ ಸಂಜೆ ಇದ್ದ ಹಾಗೆ ನಾನು ಮದುವೆಗಳಲ್ಲೂ ನೋಡಿಲ್ಲ. ಗ್ರಸಿಂದಾ ತಲೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು.

ತಾಲೀಮು ಮುಗಿದ ಮೇಲೆ ಎಲ್ಲರೂ ಪಲ್ಮೀರಾಳಲ್ಲಿಗೆ ಬಂದೆವು. ಮೇ ತಿಂಗಳ ಕೊನೆ. ಮೆಟ್ಟಿಲುಗಳ ಮೇಲೆ ಬಣ್ಣದ ಕಾಗದದ ತೋರಣ ಕಟ್ಟಿಯಾಗಿತ್ತು, ಸ್ಪೀಕರಿನಲ್ಲಿ ಪೋಲಿ ಹಾಡು, ಸೂಟ್‌ಕೇಸಿನ ಗಾಲಿಗಳನ್ನು ಮೆಟ್ಟಿಲ ಮೇಲೆ ಟಕಟಕ ಎಳೆಯುತ್ತ ದಾರಿ ತಪ್ಪಿದ ಪ್ರವಾಸಿಗಳು. ನಾನು ಗೋಡೆಗೆ ಒರಗಿ ಮೀನಿನ ಮುಳ್ಳು ಬಿಡಿಸುತ್ತಿದ್ದೆ. ಪಕ್ಕದ ಮೇಜಿನಲ್ಲಿ ವಾಲ್ದೆಮಾರ್, ಮೇಜಿನಡಿ ಜೋಡಿನಿಂದ ಎಡಗಾಲನ್ನು ಹೊರಗೆಳೆದು ಕೂತಿದ್ದ. ಗ್ರಸಿಂದಾ ಬಂದು ಎದುರು ಕೂತಳು. ತಾಲೀಮಿನ ನಂತರ ಅವಳು ಅವನೆದುರು ಕೂತಿದ್ದು ಎಂಟು ವರ್ಷದಲ್ಲಿ ಅದೇ ಮೊದಲು. ಅವನು ಬೇಗ ಬೇಗ ಅವಳಿಗೊಂದು ಲೋಟ ವೈನ್ ಹೇಳಿದ.

"ಕಾಲು ನೋಯ್ತಿದೆಯಾ?" ಎಂದಳು.

"ಇಲ್ಲಪ್ಪ."

"ಸುಳ್ಳು ಹೇಳ್ಬೇಡ. ಎಡಗಾಲು ಎಳೀತಿದ್ದೆ."

"ಹಬ್ಬದೊಳಗೆ ಪಳಗತ್ತೆ ಬಿಡು."

ಅವಳು ಲೋಟವನ್ನು ಮುಟ್ಟಲಿಲ್ಲ. "ವಾಲ್ದೆಮಾರ್, ಆ ಬೆಂಡು ತೆಗೆದುಬಿಡು."

"ತೆಗೆದ್ರೆ ಕಮಾನು ವಾಲತ್ತಲ್ಲ ಮಾರಾಯ್ತಿ," ಎಂದು ಅವನು ನಕ್ಕ.

"ಹೀಲ್ಸ್ ಎತ್ತರ ಮಾಡ್ಸೋಕೆ ಪಲ್ಮೀರಾ ಹತ್ರ ಹೇಳಿದ್ದು ನಾನೇ."

ಅವನು ತಟ್ಟೆಯಲ್ಲಿದ್ದ ಮೀನನ್ನು ಮಗುಚಿ ಹಾಕಿದ. ಆಮೇಲೆ ಬಹಳ ಕಾಳಜಿಯಿಂದ ಕೇಳಿದ: "ನಿಂಗೆ ಎರಡು ಬೆರಳಿಂದೇ ಕಾಲು ಉಬ್ಬತ್ತಲ್ಲ, ಮೂರು ಯಾಕೆ?"

"ಉಬ್ಬತ್ತೆ. ಆದ್ರೂ ಹೇಳ್ದೆ."

ಅಷ್ಟು ಹೊತ್ತಿಗೆ ಅವನಿಗೆ ಹೊಳೆಯಿತು. ಹೊಳೆದದ್ದು ಮುಖದಲ್ಲಿ ಕಾಣಲಿಲ್ಲ. ಮೇಜಿನಡಿಯ ಕಾಲು ತಡಕಾಡುತ್ತ ಜೋಡಿನೊಳಕ್ಕೆ ಹೋಗಲು ನೋಡಿತು.

"ಯಾರಾದ್ರೂ ಇದಾರಾ?" ಎಂದ.

"ಯಾರೂ ಇಲ್ಲ. ಇದ್ದಿದ್ರೆ ನಿಂಗೆ ಹೇಳೋದು ಸುಲಭ ಆಗ್ತಿತ್ತು."

"ಮತ್ತೆ?"

"ಹಾಡು ನಿಂತ ತಕ್ಷಣ ಎಲ್ರೂ ಕೈ ಬಿಡ್ತಾರೆ. ನೀನು ಬಿಡಲ್ಲ."

"ಅಷ್ಟೇನಾ?" ಅವನ ದನಿಯಲ್ಲಿ ನಿಜವಾಗಿಯೂ ನಿರಾಳವಿತ್ತು. "ಬಿಡ್ತೀನಿ. ನಾಳೆಯಿಂದ ಬಿಡ್ತೀನಿ, ನೋಡ್ತಿರು."

"ನಾನು ಮನೆ ಬಿಟ್ಟು ಹೋದಾಗ್ಲೂ ನೀನು ಹೀಗೇ ಹೇಳಿದ್ದೆ."

ಅವಳು ಎದ್ದಳು. ಲಾಂಚಿಗೆ ಇನ್ನೂ ಹೊತ್ತಿತ್ತು, ಅದು ಅವನಿಗೂ ಗೊತ್ತು. ಹೋಗುವ ಮೊದಲು ಅವನ ಹೆಗಲನ್ನು ಮುಟ್ಟಲೆಂದು ಎತ್ತಿದ ಕೈಯನ್ನು ಅವಳು ಕುರ್ಚಿಯ ಬೆನ್ನ ಮೇಲಿಟ್ಟಳು. ವಾಲ್ದೆಮಾರ್ ಬಗ್ಗಿ, ಒಂದೊಂದೇ ಜೋಡಿನೊಳಗೆ ಬೆರಳು ಹಾಕಿ ಬೆಂಡಿನ ತುಂಡುಗಳನ್ನು ಕಿತ್ತು ತಟ್ಟೆಯ ಪಕ್ಕ ಇಟ್ಟ. ಎಡಗಾಲಿನದು ಒದ್ದೆಯಾಗಿ ಕೆಂಪಗಿತ್ತು. ಪಲ್ಮೀರಾ ಬಂದು ಮೀನಿನ ಮುಳ್ಳಿನ ಜೊತೆ ಅವನ್ನೂ ಬಳಿದುಕೊಂಡು ಹೋದಳು.

ಮರುದಿನ ಅವನು ಮೇಷ್ಟ್ರಿಗೆ ಮಂಡಿನೋವೆಂದು ಹೇಳಿದ. ನಾನು ಯಾರಿಗೂ ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಒಲೆಯ ಹತ್ತಿರದವರಿಗೂ ಕಿವಿಗಳಿದ್ದವು. ಎರಡು ಬೆರಳಿನ ಪಕ್ಷ ಗದ್ದಲವಿಲ್ಲದೆ ಕರಗಿತು. ಗೆದ್ದವರೂ ಒಲೆಯ ಮೇಜು ಬಿಟ್ಟು ಎಲ್ಲೆಂದರಲ್ಲಿ ಕೂರತೊಡಗಿದರು. ಕೇರಿಗೆ ಕೇರಿಯೇ ಅವನನ್ನು ಕಂಡರೆ ಮಂಡಿ ಹೇಗಿದೆ ಎಂದು ಕೇಳುತ್ತಿತ್ತು. ಪರವಾಗಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ಎಂದು ಅವನು ಹೇಳುತ್ತಿದ್ದ, ಇಳಿಯುವಾಗ ಕುಂಟುವುದನ್ನೂ ಕಲಿತಿದ್ದ.

ಹನ್ನೆರಡರ ರಾತ್ರಿ ಅವೆನಿದಾದ ಎರಡೂ ಬದಿ ಜನ ಮರ ಹತ್ತಿ ಕೂತಿದ್ದರು. ನಮ್ಮ ಸರದಿ ಬಂತು. ಕಹಳೆಗಳು ಎದ್ದವು, ಗೂಡುದೀಪಗಳು ತೂಗಿದವು, ಕಮಾನುಗಳು ಮುಂದಿನಿಂದ ಹಿಂದಕ್ಕೆ ಏರುತ್ತ ಹೋದವು, ಒಂದೂ ವಾಲಿರಲಿಲ್ಲ. ಮುಂದೆ ಜೆರ್ವಾಸಿಯು ಮತ್ತು ಗ್ರಸಿಂದಾ. ಮೂರು ಬೆರಳಿನ ಮೇಲೆ ಅವಳ ಕಣಕಾಲು, ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಕಾಣುತ್ತಿತ್ತು. ಅಂಚಿನಲ್ಲಿ ಬಿಳಿ ಬನಿಯನ್ನು ತೊಟ್ಟ ವಾಲ್ದೆಮಾರ್, ಕಂಕುಳಲ್ಲಿ ಬಾಟಲಿಗಳು, ಕುಂಟುವುದನ್ನು ಮರೆತು ಓಡುತ್ತಿದ್ದ. ತುಟಿ ಮಾತ್ರ ಹಾಡುತ್ತಿತ್ತು, ಕಾಲು ಅದರ ಪಾಡಿಗೆ ಹೆಜ್ಜೆ ಹಾಕುತ್ತಿತ್ತು.

ಮೊದಲ ಹಾಡು ತೀರ್ಪುಗಾರರ ಅಟ್ಟಣೆಯೆದುರು ನಿಂತಿತು. ಇನ್ನೊಂದು ಶುರುವಾಗುವ ಮೊದಲು ನೀರು ಕೊಡಬೇಕು. ಅವನು ನುಗ್ಗಿದ. ಮೊದಲು ಜೆರ್ವಾಸಿಯುವಿಗೆ ಕೊಟ್ಟ. ಅವನು ಕುಡಿದು ಹಿಂದಿರುಗಿಸಿದ. ಆಮೇಲೆ ಗ್ರಸಿಂದಾಳ ಕಡೆ ಇನ್ನೊಂದು ಬಾಟಲಿ ಚಾಚಿದ. ಅವಳು ಜೆರ್ವಾಸಿಯುವಿನಿಂದ ಬಿಡಿಸಿಕೊಂಡಿದ್ದ ಬಲಗೈ ಚಾಚಿದಳು. ಬೆರಳು ಬಾಟಲಿಗೆ ತಗುಲಿತಷ್ಟೆ, ಅವನು ಕೈ ಬಿಟ್ಟ.

ಬಹಳ ಬೇಗ ಬಿಟ್ಟ. ಅವಳ ಹಿಡಿತಕ್ಕೆ ಸಿಗುವ ಮೊದಲೇ ಬಾಟಲಿ ಜಾರಿ ಕೆಳಗೆ ಬಿತ್ತು, ನೀರು ಚೆಲ್ಲಿ ಅವಳ ಜೋಡಿನ ಸುತ್ತ ಹರಿಯಿತು. ಅವಳು ಅಭ್ಯಾಸಬಲದಿಂದ ಎತ್ತಿಕೊಳ್ಳಲು ಬಗ್ಗಿದಳು. ಕಮಾನಿನ ಎಡಗಡೆ ಅವಳ ಜೊತೆ ಬಗ್ಗಿತು. ಮೂರು ಗೂಡುದೀಪ ನೆಲಕ್ಕೆ ತಾಗಿ ಒಂದು ಅಪ್ಪಚ್ಚಿಯಾಯಿತು. ಅಟ್ಟಣೆಯ ಮೇಲೆ ಎಲ್ಲ ಪೆನ್ನುಗಳೂ ಒಟ್ಟಿಗೆ ಓಡಿದವು.

ವಾಲ್ದೆಮಾರ್ ತನ್ನ ಎಡಗೈಯನ್ನು, ಅದು ಇನ್ನೊಬ್ಬರದೆಂಬಂತೆ, ದೂರ ಹಿಡಿದುಕೊಂಡು ನಿಂತಿದ್ದ. "ಬಿಟ್ಟೆ," ಎಂದ ಅವಳಿಗೆ. ಸಮಜಾಯಿಷಿಯೇನೂ ಆಗಿರಲಿಲ್ಲ ಅದು. ಅವಳು ತಲೆಯೆತ್ತಿ ಅವನನ್ನು ನೋಡಿದಳು, ನೋಡಿದಳು ಎನ್ನುವಷ್ಟು ಹೊತ್ತು ನೋಡಿದಳು. ಕಹಳೆ ಶುರುವಾಯಿತು. ಜೆರ್ವಾಸಿಯು ಅವಳ ಕೈ ಹಿಡಿದ. ದಂಡು ಮುಂದೆ ಹೋಯಿತು.

ಆ ರಾತ್ರಿ ಕಾಮಕಸ್ತೂರಿಯ ಕುಂಡ ಇರಲಿಲ್ಲ. ಗ್ರಸಿಂದಾ ಜೋಡು ಬಿಚ್ಚಿ ಕೈಯಲ್ಲಿ ಹಿಡಿದು, ಪಲ್ಮೀರಾಳ ಹೋಟೆಲಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಬರಿಗಾಲಲ್ಲಿ ಲಾಂಚಿನ ಕಡೆ ಇಳಿದುಹೋದಳು. ವಾಲ್ದೆಮಾರ್ ಒಳಗೆ ಹೋಟೆಲಿನ ಫ್ರಿಜ್ಜಿನ ಹಿಂದೆ ಕೂತು ಅದನ್ನು ಬಿಚ್ಚುತ್ತಿದ್ದ. ಅದು ಕೆಟ್ಟಿರಲಿಲ್ಲ. ಪಲ್ಮೀರಾ ಅವನಿಗೆ ಬೆಳಕು ಹಿಡಿದುಕೊಂಡು ನಿಂತಿದ್ದಳು.

ಮರುದಿನ ಫಲಿತಾಂಶ ಹೊರಬಿತ್ತು. ನಮ್ಮ ಕೇರಿಗೆ ಹನ್ನೊಂದನೆಯ ಸ್ಥಾನ ಬಂತು.